ಶ್ರವಣ ನರದ ಇಕ್ಯಾಪ್: ಮಾಸ್ಕರ್ ದೂರ ಸರಿಸಿದರೆ ಎನ್1 ಯಾಕೆ ಕುಗ್ಗುತ್ತದೆ?

ಕೇಳುಗಿವಿ (ಪ್ರಶ್ನೆ)

22 ಎಲೆಕ್ಟ್ರೋಡಿನ ನ್ಯೂಕ್ಲಿಯಸ್ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಕೂತು ಶ್ರವಣ ನರವನ್ನು ವಿದ್ಯುತ್ತಿನಿಂದ ಕೆರಳಿಸುವ ಸಾಧನ), ಎರಡು ವರ್ಷದ ಮಗು. ಇಕ್ಯಾಪ್ ಅನ್ನು (ವಿದ್ಯುತ್ ಪಲ್ಸಿಗೆ ಶ್ರವಣ ನರ ಒಟ್ಟಾಗಿ ಕೊಡುವ ವಿಭವ) ಫಾರ್ವರ್ಡ್ ಮಾಸ್ಕಿಂಗ್ ವಿಧಾನದಲ್ಲಿ (ಅಳೆಯುವ ಪಲ್ಸ್ ಪ್ರೋಬ್, ಅದಕ್ಕೂ ಮುಂಚೆ ನರವನ್ನು ದಣಿಸುವ ಪಲ್ಸ್ ಮಾಸ್ಕರ್) ದಾಖಲಿಸಲಾಗಿದೆ. ಸೆಟ್ಟಿಂಗ್: ಪಲ್ಸಿನ ಪ್ರತಿ ಫೇಸ್ (ಧನ, ಋಣ ಭಾಗ) 25 ಮೈಕ್ರೊಸೆಕೆಂಡ್, ಎರಡು ಫೇಸ್‌ಗಳ ನಡುವೆ 7 ಮೈಕ್ರೊಸೆಕೆಂಡ್, ಪ್ರೋಬ್ ದರ ಸೆಕೆಂಡಿಗೆ 80, ಮಾಸ್ಕರ್ ಪ್ರೋಬಿಗಿಂತ 10 ಸಿಎಲ್ (ಕರೆಂಟ್ ಲೆವೆಲ್, ಕರೆಂಟಿನ ಮಟ್ಟದ ಅಂಕಿ) ಹೆಚ್ಚು, ಇವೆರಡರ ಅಂತರ 400 ಮೈಕ್ರೊಸೆಕೆಂಡ್, ಗೇನ್ (ಆಂಪ್ಲಿಫೈಯರಿನ ವರ್ಧನೆ) 50 ಡೆಸಿಬೆಲ್, 50 ಸಲದ ಸರಾಸರಿ. ರೆಕಾರ್ಡಿಂಗ್ ಎಲೆಕ್ಟ್ರೋಡ್ ಪ್ರೋಬಿನಿಂದ ಎರಡು ಸ್ಥಾನ ತುದಿಯ ಕಡೆಗೆ.

20ನೇ ಎಲೆಕ್ಟ್ರೋಡಿನಲ್ಲಿ ಅಲೆ ಚೆನ್ನಾಗಿದೆ. ಎನ್1 (ಅಲೆಯ ಮೊದಲ ಕಣಿವೆ) ಸುಮಾರು 0.32 ಮಿಲಿಸೆಕೆಂಡಿಗೆ, ಪಿ2 (ಅದರ ನಂತರದ ಶಿಖರ) ಸುಮಾರು 0.65ಕ್ಕೆ. ಇವೆರಡರ ನಡುವಿನ ಎತ್ತರ 185 ಸಿಎಲ್‌ನಲ್ಲಿ 60, 190ರಲ್ಲಿ 110, 195ರಲ್ಲಿ 165 ಮೈಕ್ರೊವೋಲ್ಟ್. 11ನೇ ಎಲೆಕ್ಟ್ರೋಡಿನಲ್ಲಿ ಮಾತ್ರ ಎನ್1 ಇಲ್ಲವೇ ಇಲ್ಲ. ಗೆರೆ ಆರಂಭದಲ್ಲೇ ಮೇಲಿಂದ ಕೆಳಗೆ ಜಾರಿ, ನಿಧಾನವಾಗಿ ಮಟ್ಟಸವಾಗುತ್ತದೆ. ಇಂಪಿಡೆನ್ಸ್ (ವಿದ್ಯುತ್ ತಡೆ) ಎರಡರಲ್ಲೂ 9 ಕಿಲೊಓಮ್ ಆಸುಪಾಸು.

ತಿಳಿಯಬೇಕಾದದ್ದು ನಾಲ್ಕು. ಉತ್ತರ ಇಷ್ಟು ಕಡಿದಾಗಿ ಏರುವುದು ಯಾಕೆ? 11ನೇ ಎಲೆಕ್ಟ್ರೋಡಿನ ಗೆರೆಯನ್ನು ಹೇಗೆ ಓದಬೇಕು? 20ನೆಯದರಲ್ಲಿ ಮಾಸ್ಕರ್ ಮತ್ತು ಪ್ರೋಬ್ ನಡುವಿನ ಅಂತರವನ್ನು 400ರಿಂದ 1500 ಮೈಕ್ರೊಸೆಕೆಂಡಿಗೆ ಹೆಚ್ಚಿಸಿದರೆ ಎತ್ತರ ಅರ್ಧಕ್ಕಿಳಿಯಿತು. ಹೆಚ್ಚು ಹೊತ್ತು ಸಿಕ್ಕರೆ ನರ ಚೇತರಿಸಿಕೊಂಡು ದೊಡ್ಡ ಉತ್ತರ ಕೊಡಬೇಕಲ್ಲವೇ? ಕೊನೆಯದು, ಇಕ್ಯಾಪ್ ತ್ರೆಶೋಲ್ಡನ್ನೇ (ಉತ್ತರ ಶುರುವಾಗುವ ಮಟ್ಟ) ಮ್ಯಾಪಿನ (ಪ್ರೊಸೆಸರಿನ ಸೆಟ್ಟಿಂಗ್) ಟಿ ಲೆವೆಲ್ (ಕೇಳಿಸತೊಡಗುವ ಅತಿ ಕಡಿಮೆ ಮಟ್ಟ) ಎಂದು ಇಟ್ಟುಬಿಡಬಹುದೇ?

ನರತಂತು

ಮೊದಲ ಪ್ರಶ್ನೆ ಹಿಡಿಯುತ್ತೇನೆ. ಉಳಿದವಕ್ಕೂ ಬೇರು ಅಲ್ಲೇ ಇದೆ.

ಧ್ವನಿ ಕೇಳುವ ಕಿವಿಯಲ್ಲಿ ನರತಂತುವಿನ ಮುಂದೆ ಒಳ ರೋಮಕೋಶ ಇರುತ್ತದೆ. ಅವೆರಡರ ನಡುವಿನ ಸಿನಾಪ್ಸ್ ರಾಸಾಯನಿಕವನ್ನು ಬಿಡುವುದು ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ, ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ. ಅದಕ್ಕೇ ಸದ್ದಿಲ್ಲದಾಗಲೂ ತಂತುಗಳು ಸುಮ್ಮನಿರುವುದಿಲ್ಲ. ಕೆಲವು ಸೆಕೆಂಡಿಗೆ ಒಂದೂ ಸ್ಪೈಕ್ (ನರದ ಒಂದು ಮಿಡಿತ) ಕೊಡದಿದ್ದರೆ ಕೆಲವು ನೂರರ ಹತ್ತಿರ ಕೊಡುತ್ತವೆ. ಒಂದೇ ರೋಮಕೋಶಕ್ಕೆ ಜೋಡಿಸಿಕೊಂಡ ತಂತುಗಳ ತ್ರೆಶೋಲ್ಡೂ ಒಂದೇ ಅಲ್ಲ. ಹೀಗಾಗಿ ಒಂದು ತಂತುವಿನ ಸ್ಪೈಕ್ ದರ ಕೆಳಗಿನಿಂದ ಗರಿಷ್ಠಕ್ಕೆ ಏರಲು 20ರಿಂದ 40 ಡೆಸಿಬೆಲ್ ಬೇಕಾಗುತ್ತದೆ, ಇಡೀ ಕಿವಿ ಸೇರಿ ನೂರಕ್ಕೂ ಹೆಚ್ಚು ಡೆಸಿಬೆಲ್‌ಗಳನ್ನು ನಿಭಾಯಿಸುತ್ತದೆ.

ವಿದ್ಯುತ್ ಪಲ್ಸ್ ಈ ಇಡೀ ಏರ್ಪಾಟನ್ನು ದಾಟಿ ನೇರ ತಂತುವಿನ ಪೊರೆಗೆ ಕೈಹಾಕುತ್ತದೆ. ಕರೆಂಟ್ ಹರಿದಷ್ಟು ಹೊತ್ತು ಪೊರೆಯ ಮೇಲೆ ಚಾರ್ಜ್ ಕೂಡುತ್ತದೆ, ಅಷ್ಟಿಷ್ಟು ಸೋರುತ್ತಲೂ ಇರುತ್ತದೆ. ಒಂದು ಮಟ್ಟ ದಾಟಿದರೆ ಸೋಡಿಯಂ ಚಾನೆಲ್‌ಗಳು ತೆರೆದು ಸ್ಪೈಕ್ ಹುಟ್ಟುತ್ತದೆ. ಇಲ್ಲಿ ಉಳಿದ ಅನಿಶ್ಚಿತತೆ ಅಂದರೆ ಆ ಚಾನೆಲ್‌ಗಳದ್ದು ಮಾತ್ರ. ಅದರಿಂದ ತ್ರೆಶೋಲ್ಡ್ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಆಚೀಚೆ ಆಗಬಹುದು, ಅಷ್ಟೆ. ಕಡಿಮೆ ದರದಲ್ಲಿ ಒಂದು ತಂತು ‘ಒಂದು ಪಲ್ಸಿಗೂ ಇಲ್ಲ’ ಎಂಬಲ್ಲಿಂದ ‘ಪ್ರತಿ ಪಲ್ಸಿಗೂ ಒಂದು’ ಎಂಬಲ್ಲಿಗೆ ಕೆಲವೇ ಡೆಸಿಬೆಲ್‌ನಲ್ಲಿ ಜಿಗಿಯುವುದು ಇದಕ್ಕೇ. ಸಮಯದಲ್ಲೂ ಅಷ್ಟೇ ಬಿಗಿ. ಸ್ಪೈಕಿನ ಹೊತ್ತು ಸುಮಾರು 100 ಮೈಕ್ರೊಸೆಕೆಂಡಿನೊಳಗೇ ಅಲುಗಾಡುತ್ತದೆ.

ನಿಮ್ಮ ಅಂಕಿಗಳಲ್ಲೇ ಇದನ್ನು ಕಾಣಬಹುದು. ಮೂರು ಬಿಂದುಗಳಿಗೆ ಸರಳರೇಖೆ ಎಳೆದರೆ ಇಳಿಜಾರು ಒಂದು ಸಿಎಲ್‌ಗೆ ಸುಮಾರು 10.5 ಮೈಕ್ರೊವೋಲ್ಟ್. ರೇಖೆ ಸೊನ್ನೆಯನ್ನು ಮುಟ್ಟುವುದು 179ರ ಬಳಿ. ಫ್ರೀಡಂ ಮತ್ತು ಅದರ ನಂತರದ ನ್ಯೂಕ್ಲಿಯಸ್ ಚಿಪ್‌ಗಳಲ್ಲಿ ಕರೆಂಟ್ ಲೆಕ್ಕ ಹೀಗೆ: ಸಿಎಲ್ ಅನ್ನು 255ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ನೂರಕ್ಕೆ ಘಾತವಾಗಿ ಏರಿಸಿ, 17.5 ಮೈಕ್ರೊಆಂಪ್‌ನಿಂದ ಗುಣಿಸಬೇಕು. 179 ಸಿಎಲ್ ಅಂದರೆ ಸುಮಾರು 444 ಮೈಕ್ರೊಆಂಪ್, 25 ಮೈಕ್ರೊಸೆಕೆಂಡಿಗೆ 11 ನ್ಯಾನೊಕೂಲಂಬ್. 195 ಅಂದರೆ ಸುಮಾರು 592 ಮೈಕ್ರೊಆಂಪ್. ಇವೆರಡರ ನಡುವಿನ ಅಂತರ ಬರೀ 2.5 ಡೆಸಿಬೆಲ್. ಅಷ್ಟರಲ್ಲೇ ಉತ್ತರ ಸೊನ್ನೆಯಿಂದ 165 ಮೈಕ್ರೊವೋಲ್ಟಿಗೆ ಏರಿದೆ. ಒಂದೊಂದು ತಂತುವಿನ ಏರಿಕೆ ಇನ್ನೂ ಕಡಿದು. ಎಲೆಕ್ಟ್ರೋಡಿಗೆ ಹತ್ತಿರದವು ಮೊದಲು, ದೂರದವು ಆಮೇಲೆ ಸೇರಿಕೊಳ್ಳುವುದರಿಂದ ಒಟ್ಟು ರೇಖೆ ಇಷ್ಟಾದರೂ ಓರೆಯಾಗಿದೆ.

ಸಿಎಲ್ ಎಂಬುದು ಲಾಗರಿದಮ್ ಅಳತೆ. ಬೇರೆ ಚಿಪ್ ಅಥವಾ ಬೇರೆ ಕಂಪನಿಯ ಸಾಧನದೊಂದಿಗೆ ಇಳಿಜಾರನ್ನು ಹೋಲಿಸುವಾಗ ಮೈಕ್ರೊಆಂಪ್ ಅಥವಾ ನ್ಯಾನೊಕೂಲಂಬಿಗೆ ಬದಲಿಸಿಕೊಂಡೇ ಹೋಲಿಸಿ.

ನಾಲ್ಕು_ಫ್ರೇಮ್

ಎರಡು ಮತ್ತು ಮೂರನೇ ಪ್ರಶ್ನೆ ಒಟ್ಟಿಗೇ ಬಿಡಿಸಬೇಕು. ಪರದೆಯ ಮೇಲೆ ಕಾಣುವ ಗೆರೆ ನರದಿಂದ ನೇರ ಬಂದದ್ದಲ್ಲ, ನಾಲ್ಕು ದಾಖಲೆಗಳ (ಫ್ರೇಮ್‌ಗಳ; ಅ, ಆ, ಇ, ಈ ಎಂಬುದು ಇಲ್ಲಿ ಅವುಗಳ ಹೆಸರು) ಕೂಡು-ಕಳೆಯಿಂದ ಬಂದದ್ದು. ಮಾನವರಲ್ಲಿ 1990ರಲ್ಲಿ ಬ್ರೌನ್, ಆಬಾಸ್ ಮತ್ತು ಗ್ಯಾಂಟ್ಜ್ ಇಕ್ಯಾಪ್ ಅಳೆದು ಪ್ರಕಟಿಸಿದಾಗಲೂ ಬಳಸಿದ್ದು ಇದೇ ಕಳೆಯುವ ಉಪಾಯವನ್ನು.

ಅ ಫ್ರೇಮ್: ಪ್ರೋಬ್ ಮಾತ್ರ. ಇದರಲ್ಲಿ ಪ್ರೋಬಿನ ಆರ್ಟಿಫ್ಯಾಕ್ಟ್ (ನರದ್ದಲ್ಲದ, ಪಲ್ಸಿನದ್ದೇ ವಿದ್ಯುತ್ ಗುರುತು) ಇದೆ, ನರದ ಉತ್ತರವೂ ಇದೆ.
ಆ ಫ್ರೇಮ್: ಮಾಸ್ಕರ್, 400 ಮೈಕ್ರೊಸೆಕೆಂಡ್ ಬಿಟ್ಟು ಪ್ರೋಬ್. ಮಾಸ್ಕರ್‌ಗೆ ಸ್ಪೈಕ್ ಕೊಟ್ಟ ತಂತುಗಳು ರಿಫ್ರಾಕ್ಟರಿ ಸ್ಥಿತಿಯಲ್ಲಿ (ಸ್ಪೈಕಿನ ಬೆನ್ನಿಗೇ ಬರುವ ವಿಶ್ರಾಂತಿ) ಇರುವುದರಿಂದ ಪ್ರೋಬಿಗೆ ಉತ್ತರಿಸಲಾರವು. ಮಾಸ್ಕರಿನದ್ದರ ಜೊತೆಗೆ ಪ್ರೋಬಿನ ಆರ್ಟಿಫ್ಯಾಕ್ಟ್ ಮಾತ್ರ ಉಳಿಯುತ್ತದೆ.
ಇ ಫ್ರೇಮ್: ಮಾಸ್ಕರ್ ಮಾತ್ರ.
ಈ ಫ್ರೇಮ್: ಏನೂ ಇಲ್ಲ, ಆಂಪ್ಲಿಫೈಯರ್ ಆನ್ ಆಗುವಾಗಿನ ಆರ್ಟಿಫ್ಯಾಕ್ಟ್ ಅಷ್ಟೇ.

ಅ − ಆ + ಇ − ಈ ಮಾಡಿದರೆ ಆರ್ಟಿಫ್ಯಾಕ್ಟ್‌ಗಳೆಲ್ಲ ಹೊಡೆದುಹೋಗಿ ನರದ ಉತ್ತರ ಉಳಿಯುತ್ತದೆ. ಇಡೀ ಲೆಕ್ಕ ‘ಆ ಫ್ರೇಮಿನಲ್ಲಿ ನರ ಪ್ರೋಬಿಗೆ ಉತ್ತರಿಸುವುದಿಲ್ಲ’ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿದೆ. ನಂಬಿಕೆ ಸಡಿಲವಾದ ಕಡೆಯಲ್ಲೆಲ್ಲ ಗೆರೆಯೂ ತಪ್ಪು ಹೇಳುತ್ತದೆ.

ಈಗ ನಿಮ್ಮ 1500 ಮೈಕ್ರೊಸೆಕೆಂಡ್. ನರ ಚೇತರಿಸಿಕೊಂಡಿತು ಎಂಬ ನಿಮ್ಮ ಮಾತು ಸರಿ. ಆದರೆ ಅದು ಚೇತರಿಸಿಕೊಂಡು ಉತ್ತರಿಸಿದ್ದು ಆ ಫ್ರೇಮಿನಲ್ಲಿ, ಆ ಫ್ರೇಮನ್ನು ನಾವು ಕಳೆಯುತ್ತೇವೆ. ಅ ಫ್ರೇಮಿನ ಪೂರ್ಣ ಉತ್ತರದಿಂದ ಆ ಫ್ರೇಮಿನ ಅರ್ಧ ಉತ್ತರ ಹೋದರೆ ಉಳಿಯುವುದು ಅರ್ಧ. ಪೂರ್ಣ ರಿಫ್ರಾಕ್ಟರಿ ಅವಧಿ ಇಕ್ಯಾಪ್ ಲೆಕ್ಕದಲ್ಲಿ ಸುಮಾರು ಅರ್ಧ ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಅದಾದ ಮೇಲಿನ ಭಾಗಶಃ ಅವಧಿ ಕೆಲವು ಮಿಲಿಸೆಕೆಂಡ್ ಎಳೆಯುತ್ತದೆ. ಆಗಲೂ ಸ್ಪೈಕ್ ಬರುತ್ತದೆ, ಆದರೆ ಹೆಚ್ಚು ಕರೆಂಟಿಗೆ ಮತ್ತು ತುಸು ತಡವಾಗಿ. ಆ ತಡವಾದ ಅಲೆಯನ್ನು ಕಳೆದಾಗ ಎನ್1 ಕುಗ್ಗುವುದಷ್ಟೇ ಅಲ್ಲ, ಪಿ2ರ ಆಕಾರವೂ ಕೆಡುತ್ತದೆ. 1500ರ ಗೆರೆಯನ್ನು 400ರ ಗೆರೆಯ ಮೇಲಿಟ್ಟು ನೋಡಿದರೆ ಗೊತ್ತಾಗುತ್ತದೆ.

ಚೇತರಿಕೆಯನ್ನೇ ಅಳೆಯುವುದು ಉದ್ದೇಶವಾದರೆ ಸಾಫ್ಟ್‌ವೇರಿನಲ್ಲಿ ರಿಕವರಿ ಫಂಕ್ಷನ್ ಆಯ್ಕೆ ಬಳಸಿ. ಅದರಲ್ಲಿ ಸುಮಾರು 300 ಮೈಕ್ರೊಸೆಕೆಂಡಿನ ಸ್ಥಿರ ಅಂತರದ ದಾಖಲೆಯೊಂದನ್ನು ಪ್ರೋಬ್ ಆರ್ಟಿಫ್ಯಾಕ್ಟಿನ ಅಚ್ಚಾಗಿ ಇಟ್ಟುಕೊಂಡು, ಬೇರೆ ಬೇರೆ ಅಂತರದಲ್ಲಿ ಪ್ರೋಬಿಗೆ ಬಂದ ಉತ್ತರದಿಂದ ಅದನ್ನು ಕಳೆಯುತ್ತಾರೆ. ಆಗ ರೇಖೆ ನೀವು ನಿರೀಕ್ಷಿಸಿದ ಹಾಗೆ ಮೇಲಕ್ಕೆ ಏರುತ್ತದೆ.

ಅಂತರ ತೀರಾ ಕಡಿಮೆ ಮಾಡಿದರೂ ತೊಂದರೆಯೇ. ಮಾಸ್ಕರ್ ಕೆಲವು ತಂತುಗಳನ್ನು ಸ್ಪೈಕ್ ಬರಿಸದೆ ಬರೀ ತ್ರೆಶೋಲ್ಡಿನ ಹತ್ತಿರಕ್ಕೆ ತಂದು ನಿಲ್ಲಿಸಿರುತ್ತದೆ. ಆ ಚಾರ್ಜ್ ಸೋರಿಹೋಗುವ ಮೊದಲೇ ಪ್ರೋಬ್ ಬಿದ್ದರೆ ಅವು ಆ ಫ್ರೇಮಿನಲ್ಲಿ ಸ್ಪೈಕ್ ಕೊಟ್ಟುಬಿಡುತ್ತವೆ. ಮಾಸ್ಕರ್ ದುರ್ಬಲವಾಗಿದ್ದಷ್ಟೂ ಇದು ಜಾಸ್ತಿ. ಅದಕ್ಕೇ ಮಾಸ್ಕರನ್ನು 10 ಸಿಎಲ್ ಮೇಲಿಡುವುದು. ಮಗುವಿಗೆ ಜೋರಾಗುತ್ತದೆಂದು ಮಾಸ್ಕರನ್ನು ಪ್ರೋಬಿನ ಮಟ್ಟಕ್ಕೇ ಇಳಿಸಿದರೆ ಎತ್ತರ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ತ್ರೆಶೋಲ್ಡ್ ಹೆಚ್ಚಾಗಿ ಬರುತ್ತದೆ.

11ನೇ ಎಲೆಕ್ಟ್ರೋಡ್: ಕಳೆದು ಬಂದ ಗೆರೆಯನ್ನು ಸದ್ಯಕ್ಕೆ ಬಿಟ್ಟು ಅ ಮತ್ತು ಆ ಫ್ರೇಮ್‌ಗಳನ್ನು ಹಾಗೆಯೇ ತೆರೆದು ನೋಡಿ. ಆರಂಭದ ಬಿಂದುಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿದ್ದರೆ ಆಂಪ್ಲಿಫೈಯರ್ ಸ್ಯಾಚುರೇಟ್ ಆಗಿದೆ (ತನ್ನ ಮಿತಿ ಮುಟ್ಟಿದೆ). ಸ್ಯಾಚುರೇಟ್ ಆದ ಆಂಪ್ಲಿಫೈಯರಿನಲ್ಲಿ ಕೂಡು-ಕಳೆ ನಡೆಯುವುದಿಲ್ಲ, ನೀವು ಹೇಳಿದ ಜಾರುವ ಗೆರೆ ಅದರದ್ದೇ ಲಕ್ಷಣ. ಈ ಕ್ರಮದಲ್ಲಿ ಹೋಗಿ. ಮೊದಲು ಗೇನ್ 50ರಿಂದ 40ಕ್ಕೆ ಇಳಿಸಿ. ಗೇನ್ ಇಳಿದರೆ ಗದ್ದಲ ಏರುತ್ತದೆ, ಸರಾಸರಿ 100ಕ್ಕೋ 200ಕ್ಕೋ ಏರಿಸಿ (ಗದ್ದಲ ಅರ್ಧವಾಗಲು ಸಂಖ್ಯೆ ನಾಲ್ಕು ಪಟ್ಟು ಬೇಕು). ಆಮೇಲೆ ರೆಕಾರ್ಡಿಂಗ್ ಎಲೆಕ್ಟ್ರೋಡನ್ನು 13ರ ಬದಲು 14ಕ್ಕೆ, ಅದೂ ಆಗದಿದ್ದರೆ ಇನ್ನೊಂದು ಬದಿಗೆ, ಅಂದರೆ 9ಕ್ಕೆ ಸರಿಸಿ. ಕೊನೆಗೆ ಡಿಲೇ (ದಾಖಲೆ ಶುರುವಾಗುವ ಮುನ್ನ ಬಿಡುವ ಹೊತ್ತು). ಇದನ್ನು ಹುಷಾರಾಗಿ ಮುಟ್ಟಬೇಕು. ನಿಮ್ಮ ಪಲ್ಸ್ ಮುಗಿಯುವುದು 57 ಮೈಕ್ರೊಸೆಕೆಂಡಿಗೆ, ಎನ್1 ಬರುವುದು 200ರಿಂದ 400ರೊಳಗೆ. ಡಿಲೇ 200 ದಾಟಿಸಿದರೆ ಆರ್ಟಿಫ್ಯಾಕ್ಟಿನ ಜೊತೆ ಎನ್1ಗೂ ಕತ್ತರಿ ಬೀಳುತ್ತದೆ.

ಸ್ಯಾಂಪ್ಲಿಂಗ್ 20 ಕಿಲೊಹರ್ಟ್ಸ್ ಆದರೆ ಬಿಂದುವಿನಿಂದ ಬಿಂದುವಿಗೆ 50 ಮೈಕ್ರೊಸೆಕೆಂಡ್. ಎನ್1ರ ಕಣಿವೆಯಲ್ಲಿ ಸಿಗುವುದೇ ಮೂರೋ ನಾಲ್ಕೋ ಬಿಂದು. ಎರಡು ಎಲೆಕ್ಟ್ರೋಡುಗಳ ಎನ್1 ಹೊತ್ತಿನಲ್ಲಿ 0.04 ಮಿಲಿಸೆಕೆಂಡ್ ವ್ಯತ್ಯಾಸ ಕಂಡರೆ ಅದಕ್ಕೆ ಅರ್ಥ ಹಚ್ಚಬೇಡಿ.

ಕೇಳುಗಿವಿ

ತುಂಬಾ ಧನ್ಯವಾದ. ಅ ಫ್ರೇಮಿನ ಮೊದಲ ಮೂರು ಬಿಂದು ನಿಜಕ್ಕೂ ಒಂದೇ ಎತ್ತರದಲ್ಲಿವೆ. ಗೇನ್ 40, ಸರಾಸರಿ 100, ರೆಕಾರ್ಡಿಂಗ್ 14 ಮಾಡಿದ ಮೇಲೆ 11ರಲ್ಲೂ ಎನ್1 ಬಂತು, 195 ಸಿಎಲ್‌ಗೆ ಸುಮಾರು 50 ಮೈಕ್ರೊವೋಲ್ಟ್. ಮಾಸ್ಕಿಂಗ್ ಬಿಟ್ಟು ಪೊಲಾರಿಟಿ ಅದಲುಬದಲು ಮಾಡುವ ವಿಧಾನದಲ್ಲೂ ನೋಡಿದರೆ ಎನ್1 ಅಗಲವಾಗಿ, ಮೊಂಡಾಗಿ ಕಾಣುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು?

ನರತಂತು

ಎತ್ತರ, ಆಕಾರ ಬೇಕಾದರೆ ಮಾಸ್ಕಿಂಗ್ ಗೆರೆ. ಪೊಲಾರಿಟಿ ಬದಲಿಸುವ ವಿಧಾನದ ಹಿಂದಿನ ಎಣಿಕೆ ಏನೆಂದರೆ, ಪಲ್ಸನ್ನು ತಲೆಕೆಳಗು ಮಾಡಿದರೆ ಆರ್ಟಿಫ್ಯಾಕ್ಟ್ ತಲೆಕೆಳಗಾಗುತ್ತದೆ, ನರದ ಉತ್ತರ ಹಾಗೇ ಇರುತ್ತದೆ, ಸರಾಸರಿ ಮಾಡಿದರೆ ಮೊದಲನೆಯದು ಹೋಗಿ ಎರಡನೆಯದು ಉಳಿಯುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ನರಕ್ಕೆ ಎರಡು ಪೊಲಾರಿಟಿಗಳೂ ಸಮವಲ್ಲ.

ಇಂಪ್ಲಾಂಟ್ ಇರುವ ಮಾನವರಲ್ಲಿ, ಆರಾಮದ ಜೋರಿನ ಮಟ್ಟದಲ್ಲಿ, ಹೆಚ್ಚು ಕೆಲಸ ಮಾಡುವುದು ಧನ ಫೇಸ್. ಬೆಕ್ಕು, ಗಿನಿಪಿಗ್‌ಗಳ ಮೇಲಿನ ಹಳೆಯ ಮಾಪನಗಳಲ್ಲಿ ಸಾಮಾನ್ಯವಾಗಿ ಋಣ ಫೇಸ್ ಮುಂದಿತ್ತು. ಕಂಪ್ಯೂಟರ್ ಮಾದರಿಗಳು ಕೊಡುವ ವಿವರಣೆ ಹೀಗಿದೆ: ಋಣ ಕರೆಂಟ್ ತನಗೆ ತೀರಾ ಹತ್ತಿರದ ಭಾಗವನ್ನು, ಅಂದರೆ ರೋಮಕೋಶದ ಕಡೆ ಚಾಚಿರುವ ಹೊರ ಕವಲನ್ನು ಕೆರಳಿಸುತ್ತದೆ. ಕಿವುಡು ಬಂದು ಕಾಲ ಕಳೆದಂತೆ ಮೊದಲು ಸವೆಯುವುದೇ ಆ ಕವಲು. ಅದು ಹೋದ ಮೇಲೆ ಸ್ಪೈಕ್ ಹುಟ್ಟಬೇಕಾದದ್ದು ಮೋಡಿಯೋಲಸ್ (ಕಾಕ್ಲಿಯಾದ ನಡುವಿನ ಮೂಳೆಯ ಕಂಬ) ಒಳಗಿನ ಕೇಂದ್ರ ಆಕ್ಸಾನಿನಲ್ಲಿ, ಅಲ್ಲಿ ಧನ ಕರೆಂಟಿನದ್ದೇ ಮೇಲುಗೈ. ಇನ್ನೊಂದು ಸಂಗತಿ: ಮಾನವರ ಸ್ಪೈರಲ್ ಗ್ಯಾಂಗ್ಲಿಯನ್ ಕೋಶದ (ಶ್ರವಣ ನರಕೋಶದ) ದೇಹಕ್ಕೆ ಬಹುಪಾಲು ಮೈಲಿನ್ ಹೊದಿಕೆ ಇರುವುದಿಲ್ಲ, ಬೆಕ್ಕಿನಲ್ಲಿ ಇರುತ್ತದೆ. ಪ್ರಾಣಿಗಳ ಅಂಕಿಯನ್ನು ಎತ್ತಿ ಮಾನವರಿಗೆ ಹಾಕಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಗೆರೆಗೆ ಬಂದರೆ, ಧನ ಫೇಸ್ ಮೊದಲು ಬಂದಾಗ ಎನ್1 ಬೇಗ ಬರುತ್ತದೆ, ಎರಡನೆಯದಾಗಿ ಬಂದಾಗ ತಡವಾಗುತ್ತದೆ, ಎತ್ತರವೂ ಬೇರೆ. ಎರಡರ ಸರಾಸರಿ ಅಗಲವಾಗದೆ ಇನ್ನೇನಾದೀತು. ಈ ವಿಧಾನಕ್ಕೆ ಮಾಸ್ಕರ್ ಬೇಡ, ಸಮಯ ಕಡಿಮೆ ಸಾಕು. ಹಾಗಾಗಿ ‘ಉತ್ತರ ಇದೆಯೋ ಇಲ್ಲವೋ’ ಎಂಬ ಪ್ರಶ್ನೆಗೆ ಒಳ್ಳೆಯದು. ಆದರೆ ಇದರ ಎತ್ತರವನ್ನೂ ಮಾಸ್ಕಿಂಗ್ ಎತ್ತರವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಎರಡು ಫೇಸ್‌ಗಳ ನಡುವಿನ 7 ಮೈಕ್ರೊಸೆಕೆಂಡ್ ಅಂತರವನ್ನೂ ಒಮ್ಮೆ ಆಡಿಸಿ ನೋಡುವುದು ಒಳ್ಳೆಯದು. ಮೊದಲ ಫೇಸ್ ಪೊರೆಗೆ ತುಂಬಿದ ಚಾರ್ಜನ್ನು ಎರಡನೆಯದು ಹಿಂದಕ್ಕೆ ಎಳೆಯುತ್ತದೆ. ಚಾರ್ಜ್ ಸಮತೋಲನಕ್ಕೆ ಅದು ಬೇಕೇಬೇಕು, ಇಲ್ಲದಿದ್ದರೆ ಎಲೆಕ್ಟ್ರೋಡೂ ಸುತ್ತಲಿನ ಊತಕವೂ ಹಾಳಾಗುತ್ತವೆ. ಆದರೆ ಇನ್ನೇನು ಸ್ಪೈಕ್ ಹುಟ್ಟಬೇಕು ಎನ್ನುವಷ್ಟರಲ್ಲಿ ಎಳೆದರೆ ಆ ತಂತು ತಪ್ಪಿಹೋಗುತ್ತದೆ. ಅಂತರವನ್ನು 30 ಮೈಕ್ರೊಸೆಕೆಂಡಿಗೆ ಹೆಚ್ಚಿಸಿದರೆ ಸೋಡಿಯಂ ಚಾನೆಲ್‌ಗಳಿಗೆ ಅಷ್ಟು ಬಿಡುವು ಸಿಗುತ್ತದೆ. ಅದೇ ಕರೆಂಟಿಗೆ ಎತ್ತರ ಏರುತ್ತದೆ, ತ್ರೆಶೋಲ್ಡ್ ಇಳಿಯುತ್ತದೆ. ಗಿನಿಪಿಗ್‌ಗಳಲ್ಲಿ ಈ ಬದಲಾವಣೆಯ ಪ್ರಮಾಣಕ್ಕೂ ಉಳಿದ ನರಕೋಶಗಳ ಸಂಖ್ಯೆಗೂ ಸಂಬಂಧ ಕಂಡಿದೆ. ಬರೀ ಎತ್ತರ ಎಲೆಕ್ಟ್ರೋಡ್ ನರದಿಂದ ಎಷ್ಟು ದೂರವಿದೆ ಎಂಬುದರ ಮೇಲೂ ನಿಂತಿರುತ್ತದೆ. 7 ಮತ್ತು 30ರ ವ್ಯತ್ಯಾಸ ತೆಗೆದರೆ ಆ ದೂರದ ಪ್ರಭಾವ ಬಹುಮಟ್ಟಿಗೆ ಹೊಡೆದುಹೋಗುತ್ತದೆ. 11 ಮತ್ತು 20ನ್ನು ಹೋಲಿಸಲು ಇದು ನೇರ ಎತ್ತರಕ್ಕಿಂತ ಉತ್ತಮ ದಾರಿ. ಹಾಗೆಂದು ಒಂದು ಮಗುವಿನ ಒಂದು ಎಲೆಕ್ಟ್ರೋಡ್ ನೋಡಿ ‘ಇಲ್ಲಿ ನರ ಇಷ್ಟು ಉಳಿದಿದೆ’ ಎಂದು ವರದಿಯಲ್ಲಿ ಬರೆಯುವಷ್ಟು ಗಟ್ಟಿ ಅಲ್ಲ.

ಮ್ಯಾಪ್_ಮೇಜು

ನಾಲ್ಕನೇ ಪ್ರಶ್ನೆ ಬಾಕಿ ಇದೆ. ಇಲ್ಲ, 179ನ್ನು ಟಿ ಲೆವೆಲ್ ಮಾಡಬೇಡಿ. ಮಗು ಬೆಚ್ಚಿ ಪ್ರೊಸೆಸರ್ ಕಿತ್ತೆಸೆಯುವ ಮ್ಯಾಪ್ ಆಗುತ್ತದೆ.

ಇಕ್ಯಾಪ್ ತ್ರೆಶೋಲ್ಡ್ ಹೆಚ್ಚಿನವರಲ್ಲಿ ಟಿ ಮತ್ತು ಸಿ (ಆರಾಮವಾಗಿ ಕೇಳಬಹುದಾದ ಅತಿ ಜೋರಿನ ಮಟ್ಟ) ಲೆವೆಲ್‌ಗಳ ನಡುವೆ ಬೀಳುತ್ತದೆ, ಬಹಳ ಸಲ ಸಿ ಹತ್ತಿರ. ಕೆಲವರಲ್ಲಿ ಸಿಗಿಂತ ಮೇಲೂ ಇರುತ್ತದೆ. ಕಾರಣ ಎರಡು. ಕೇಳಿಸಲು ಕೆಲವೇ ತಂತುಗಳ ಸ್ಪೈಕ್ ಸಾಕು. ಆದರೆ ಗದ್ದಲದ ಮೇಲೆ ಏಳುವ ಎನ್1 ಬೇಕಾದರೆ ಬಹಳಷ್ಟು ತಂತುಗಳು ಒಂದೇ ಹೊತ್ತಿಗೆ ಸ್ಪೈಕ್ ಕೊಡಬೇಕು. ಎರಡನೆಯದು ದರ. ನೀವು ಅಳೆದದ್ದು ಸೆಕೆಂಡಿಗೆ 80 ಪಲ್ಸ್‌ನಲ್ಲಿ, ಎರಡು ಪ್ರೋಬ್‌ಗಳ ನಡುವೆ 12.5 ಮಿಲಿಸೆಕೆಂಡ್. ಮ್ಯಾಪ್ ಓಡುವುದು ಸಾಮಾನ್ಯವಾಗಿ ಪ್ರತಿ ಎಲೆಕ್ಟ್ರೋಡಿಗೆ ಸೆಕೆಂಡಿಗೆ 900ರಲ್ಲಿ, ಅಂದರೆ ಸುಮಾರು 1.1 ಮಿಲಿಸೆಕೆಂಡಿಗೊಂದು ಪಲ್ಸ್. ಮೆದುಳು ಆ ಪಲ್ಸ್‌ಗಳನ್ನು ಕೂಡಿಸಿಕೊಳ್ಳುವುದರಿಂದ ಕೇಳುವ ಮಟ್ಟ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಅದನ್ನು ಇಕ್ಯಾಪ್ ಹೇಳುವುದಿಲ್ಲ.

ಅಷ್ಟು ದರದಲ್ಲಿ ನರದ ವರ್ತನೆಯೂ ಬೇರೆಯೇ. ಸೆಕೆಂಡಿಗೆ ಸುಮಾರು 100ರವರೆಗೆ ಪ್ರತಿ ಪಲ್ಸಿಗೂ ಹೆಚ್ಚುಕಡಿಮೆ ಅಷ್ಟೇ ಎತ್ತರದ ಉತ್ತರ ಬರುತ್ತದೆ. ನೂರಾರು ಪಲ್ಸ್‌ಗಳ ದರಕ್ಕೆ ಹೋದರೆ ದೊಡ್ಡದು, ಚಿಕ್ಕದು, ದೊಡ್ಡದು, ಚಿಕ್ಕದು ಎಂಬ ಮಾದರಿ ಕಾಣಿಸುತ್ತದೆ. ಮೊದಲ ಪಲ್ಸಿಗೆ ಬಹುತೇಕ ಎಲ್ಲ ತಂತುಗಳೂ ಸ್ಪೈಕ್ ಕೊಟ್ಟು, ಎರಡನೆಯದಕ್ಕೆ ರಿಫ್ರಾಕ್ಟರಿ ಆಗಿ, ಮೂರನೆಯದಕ್ಕೆ ಮತ್ತೆ ಸಿದ್ಧವಾಗಿರುತ್ತವೆ. ಸೆಕೆಂಡಿಗೆ 2000ಕ್ಕೂ ಮೇಲೆ ಹೋದರೆ ತಂತುಗಳ ಚೇತರಿಕೆ ಒಂದೊಂದರದ್ದು ಒಂದೊಂದು ಹಂತದಲ್ಲಿದ್ದು ಈ ಏರಿಳಿತ ಅಳಿಸಿಹೋಗುತ್ತದೆ.

ಬಳಸಬಹುದಾದದ್ದು ಇಕ್ಯಾಪ್ ಪ್ರೊಫೈಲಿನ ಆಕಾರ. ಐದಾರು ಎಲೆಕ್ಟ್ರೋಡುಗಳಲ್ಲಿ (22, 18, 14, 11, 7, 3 ಸಾಕು) ತ್ರೆಶೋಲ್ಡ್ ತೆಗೆದು ನಡುವಿನವನ್ನು ರೇಖೆಯಿಂದ ತುಂಬಿ. ಮ್ಯಾಪಿನ ಫೇಸ್ ಅಗಲ ಇಕ್ಯಾಪಿನದ್ದೇ 25 ಮೈಕ್ರೊಸೆಕೆಂಡ್ ಇದೆಯೇ ನೋಡಿ. ಬೇರೆಯಾದರೆ ಸಿಎಲ್ ಅಂಕಿಗಳನ್ನು ನೇರ ಹೋಲಿಸಲಾಗದು. ಮಗು ಆಟದ ಮೂಲಕ ಪ್ರತಿಕ್ರಿಯಿಸುವ ಒಂದು ನಡು ಎಲೆಕ್ಟ್ರೋಡಿನಲ್ಲಿ ನಿಜವಾದ ಟಿ ಪಡೆದು, ಇಡೀ ಪ್ರೊಫೈಲನ್ನು ಅಲ್ಲಿಗೆ ಕೆಳಗಿಳಿಸಿ. ಟಿ ಪ್ರೊಫೈಲ್ ಸಾಮಾನ್ಯವಾಗಿ ಇಕ್ಯಾಪ್ ಪ್ರೊಫೈಲಿಗಿಂತ ಚಪ್ಪಟೆ, ಹಾಗಾಗಿ ಏರುತಗ್ಗುಗಳನ್ನು ಪೂರ್ತಿ ನಕಲು ಮಾಡುವ ಅಗತ್ಯವಿಲ್ಲ. ಸಿ ಲೆವೆಲನ್ನು ಬೇಕೆಂದೇ ಕಡಿಮೆ ಇಟ್ಟು, ಮಾತು ಕೇಳಿಸುತ್ತಾ, ಮಗುವಿನ ಮುಖ ನೋಡುತ್ತಾ ಎರಡು-ಮೂರು ಸಿಎಲ್‌ನಂತೆ ಏರಿಸಿ. ನಡುಗಿವಿ ಆರೋಗ್ಯವಾಗಿದ್ದರೆ ಸ್ಟೇಪೀಡಿಯಲ್ ರಿಫ್ಲೆಕ್ಸ್ (ಜೋರು ಸದ್ದಿಗೆ ನಡುಗಿವಿಯ ಸ್ನಾಯು ಬಿಗಿಯುವುದು) ತೆಗೆಯಿರಿ, ಸಿ ಲೆವೆಲಿಗೆ ಅದರ ಹೊಂದಿಕೆ ಇಕ್ಯಾಪಿಗಿಂತ ಚೆನ್ನಾಗಿದೆ.

ತ್ರೆಶೋಲ್ಡ್ ಎಂದು ಎರಡು ಅಂಕಿ ಓಡಾಡುತ್ತವೆ, ವರದಿಯಲ್ಲಿ ಯಾವುದೆಂದು ಬರೆಯಿರಿ. ರೇಖೆಯನ್ನು ಸೊನ್ನೆಗೆ ಎಳೆದರೆ ಸಿಗುವ 179 ಒಂದು. ಕಣ್ಣಿಗೆ ಎನ್1 ಕಾಣುವ ಅತಿ ಕಡಿಮೆ ಮಟ್ಟ ಇನ್ನೊಂದು. ಅದು ಗದ್ದಲಕ್ಕೆ ತಕ್ಕಂತೆ ಮೇಲೇ ಇರುತ್ತದೆ. 11ರಲ್ಲಿ ಗೇನ್ ಇಳಿಸಿರುವುದರಿಂದ ಅಲ್ಲಿನ ಕಣ್ಣಳತೆಯ ತ್ರೆಶೋಲ್ಡ್ 20ನೆಯದಕ್ಕಿಂತ ಸುಮ್ಮನೆ ಹೆಚ್ಚು ಕಂಡೀತು. ಅಲ್ಲಿ 195ರ ಮೇಲೆ ಇನ್ನೆರಡು ಬಿಂದು ತೆಗೆದು ರೇಖೆ ಎಳೆಯಿರಿ. 205 ಸಿಎಲ್‌ಗೆ ಕರೆಂಟ್ ಸುಮಾರು 709 ಮೈಕ್ರೊಆಂಪ್. 9 ಕಿಲೊಓಮ್‌ಗೆ ಅದು 6.4 ವೋಲ್ಟ್. ಮಾಸ್ಕರ್ ಇನ್ನೂ ಹತ್ತು ಮೇಲೆ ಹೋಗುತ್ತದೆಂಬುದು ನೆನಪಿರಲಿ. ಸಾಧನ ವೋಲ್ಟೇಜ್ ಮಿತಿ ಮುಟ್ಟಿದ ಸೂಚನೆ ಕೊಟ್ಟರೆ ಸಿಎಲ್ ಏರಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ, ಕರೆಂಟ್ ನಿಜಕ್ಕೂ ಏರುವುದಿಲ್ಲ. ಫೇಸ್ ಅಗಲವನ್ನು 37ಕ್ಕೆ ಹೆಚ್ಚಿಸಿ, ಸಿಎಲ್ ಕೆಳಗಿನಿಂದ ಮತ್ತೆ ಆರಂಭಿಸಿ.

ನಾಲ್ಕು_ಫ್ರೇಮ್

ಒಂದು ಸೇರಿಸಬೇಕು, ಹೆತ್ತವರಿಗೆ ಹೇಳುವ ಮಾತಿಗೆ ಸಂಬಂಧಿಸಿದ್ದು. ಮುಂದೆ ಯಾವುದಾದರೂ ಎಲೆಕ್ಟ್ರೋಡಿನಲ್ಲಿ ಏನು ಮಾಡಿದರೂ ಇಕ್ಯಾಪ್ ಬರದಿದ್ದರೆ ‘ನರ ಉತ್ತರಿಸುತ್ತಿಲ್ಲ’ ಎನ್ನಬೇಡಿ. ಇಕ್ಯಾಪ್ ಸಿಗದೆಯೂ ಚೆನ್ನಾಗಿ ಕೇಳುವವರಿದ್ದಾರೆ. ಇಂಪಿಡೆನ್ಸ್, ಬಿಡಿ ಫ್ರೇಮ್, ರೆಕಾರ್ಡಿಂಗ್ ಎಲೆಕ್ಟ್ರೋಡ್, ಫೇಸ್ ಅಗಲ ಇವೆಲ್ಲ ಮುಗಿದ ಮೇಲೂ ಇಡೀ ಸಾಲಿನಲ್ಲಿ ಉತ್ತರವಿಲ್ಲದಿದ್ದರೆ ಇಎಬಿಆರ್ (ವಿದ್ಯುತ್ ಪಲ್ಸಿಗೆ ಮೆದುಳುಕಾಂಡ ಕೊಡುವ ಉತ್ತರದ ಪರೀಕ್ಷೆ) ಮಾಡಿಸಿ. ಅಲ್ಲಿ ಐದನೇ ಅಲೆ ಸುಮಾರು 4 ಮಿಲಿಸೆಕೆಂಡಿಗೆ ಬರಬೇಕು. ಧ್ವನಿಯ ಎಬಿಆರ್‌ಗಿಂತ ಇದು ಒಂದೂವರೆ ಮಿಲಿಸೆಕೆಂಡಿನಷ್ಟು ಮುಂಚೆ, ಯಾಕೆಂದರೆ ಕಾಕ್ಲಿಯಾದ ಪ್ರಯಾಣವೂ ಸಿನಾಪ್ಸಿನ ತಡವೂ ಇಲ್ಲಿಲ್ಲ. ಮೊದಲ ಅಲೆಯನ್ನು ಹುಡುಕಬೇಡಿ, ಅದು ಆರ್ಟಿಫ್ಯಾಕ್ಟಿನಡಿ ಮುಳುಗಿರುತ್ತದೆ. 5–6 ಮಿಲಿಸೆಕೆಂಡಿನ ಆಚೆ ದೊಡ್ಡ ಅಲೆಯೊಂದು ಎದ್ದು, ಕರೆಂಟಿನ ಜೊತೆ ಥಟ್ಟನೆ ಬೆಳೆದರೆ ಅದು ಮುಖದ ಸ್ನಾಯುವಿನದ್ದು. ಮಗುವಿನ ಕಣ್ಣಂಚು, ಬಾಯಂಚು ಅದೇ ಲಯಕ್ಕೆ ಅದುರುತ್ತಿದೆಯೇ ನೋಡಿ, ಅದುರಿದರೆ ಆ ಎಲೆಕ್ಟ್ರೋಡಿನ ಮಟ್ಟ ಇಳಿಸಿ.